ಚಾವಿ ಯಾರ ಬಲ್ಲಿ ಅದ?

ಮನುಷ್ಯನಿಗೆ ವಯಸ್ಸಾದುದರ ಲಕ್ಷಣಗಳನ್ನು ವೈದ್ಯಶಾಸ್ತ್ರವು ನಾನಾ ವಿಧವಾಗಿ ನಿರೂಪಿಸಿದೆಯಾದರೂ, ನಮ್ಮ ಸೇಡಂ ಪಟ್ಟಣದ ಮಟ್ಟಿಗೆ ಅದಕ್ಕೆ ಒಂದೇ ಒಂದು ನಿಶ್ಚಿತವಾದ ಲಕ್ಷಣವುಂಟು: ಸ್ಥಳೀಯ ಇತಿಹಾಸದ ಮೇಲೆ ಉಪನ್ಯಾಸ ಕೊಡಬೇಕೆಂದು ಆತನಿಗೆ ಆಮಂತ್ರಣ ಬರತೊಡಗುವುದು. ಕೂದಲು ನರೆತರೆ ಬಣ್ಣ ಬಳಿಯಬಹುದು, ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳಬಹುದು. ಆದರೆ ಮುಂಜಾನೆಯ ಹೊತ್ತು ಮೂವರು ಮಹನೀಯರು ಮನೆಯ ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿದು, ಕೊನೆಗೆ ‘ಸರ್, ನಮ್ಮ ಭಾಗದ ಇತಿಹಾಸದ ಮ್ಯಾಲ ನಾಕ್ ಮಾತ್ ಆಡ್ಬೇಕ್ರಿ’ ಎಂದು ಬಿನ್ನವಿಸಿಕೊಂಡರೆಂದರೆ, ಲೋಕವು ತನ್ನನ್ನು ಪ್ರಾಚ್ಯವಸ್ತುಗಳ ಪಟ್ಟಿಗೆ ಸೇರಿಸಿಬಿಟ್ಟಿತೆಂದು ಆತನು ತಿಳಿದುಕೊಳ್ಳತಕ್ಕದ್ದು. 34 ವರ್ಷ ಕನ್ನಡ ಪಂಡಿತನಾಗಿ ಮಕ್ಕಳಿಗೆ ಹಳಗನ್ನಡ ಬೋಧಿಸಿ ನಿವೃತ್ತನಾದ ನನಗೆ ಈ ಗೌರವವು ನಿವೃತ್ತಿಯ ಮರುವಾರವೇ ಪ್ರಾಪ್ತವಾಯಿತು.

ನಮ್ಮ ಕಡೆಯ ಆಮಂತ್ರಣ ಪತ್ರಿಕೆಯನ್ನು ನೋಡಿದಾಗಲೆಲ್ಲ ಅದು ಪ್ರಾಚೀನ ಶಾಸನದ ಸಾಕ್ಷಾತ್ ವಂಶಜವೆಂದು ನನಗೆ ತೋರುತ್ತದೆ. ಶಾಸನದಲ್ಲಿ ಮೊದಲು ಮಂಗಳಶ್ಲೋಕ, ಆಮೇಲೆ ಚಕ್ರವರ್ತಿಯ ಬಿರುದಾವಳಿ, ಅದರ ಕೆಳಗೆ ಮಹಾಮಂಡಲೇಶ್ವರನ ಬಿರುದುಗಳು, ಅವನ ಕೆಳಗೆ ದಂಡನಾಯಕನವು ಎಂದು ಸಾಲುಗಟ್ಟಿ, ದಾನವಾದ ನಾಲ್ಕು ಮತ್ತರು ಭೂಮಿ ಎಲ್ಲಿ ಅಡಗಿದೆಯೆಂದು ಹುಡುಕುವಷ್ಟರಲ್ಲಿ ಕಲ್ಲೇ ಮುಗಿಯುವುದು. ಪತ್ರಿಕೆಯಲ್ಲಿಯೂ ಅದೇ ಕ್ರಮದಿಂದ ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಪ್ರಾಸ್ತಾವಿಕ ನುಡಿ, ನಿರೂಪಣೆ, ವಂದನಾರ್ಪಣೆಗಳು ದಪ್ಪಕ್ಷರಗಳಲ್ಲಿ ವಿರಾಜಿಸಿ, ಉಪನ್ಯಾಸಕನೆಂಬ ಪ್ರಾಣಿಯು ಮುದ್ರಣಾಲಯದ ಹೆಸರಿನ ನೆರೆಯಲ್ಲಿ ಎಲ್ಲಿಯೋ ಮುದುಡಿ ಕುಳಿತಿರುತ್ತಾನೆ. ಒಂದೇ ಕೊರತೆಯೆಂದರೆ ಶಾಪಾಶಯದ್ದು. ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುವನೆಂದು ಶಾಸನಕಾರರು ಬೆದರಿಸಿದಂತೆ, ಸಮಯಕ್ಕೆ ಸರಿಯಾಗಿ ಬಾರದವರಿಗೂ ಅಂಥದೊಂದು ಗತಿಯನ್ನು ಪತ್ರಿಕೆಯ ಕೊನೆಯಲ್ಲಿ ಅಚ್ಚು ಹಾಕಿಸಿದರೆ ನಮ್ಮ ಸಭೆಗಳು ಹತ್ತೂವರೆಗೆ ಅಲ್ಲದಿದ್ದರೂ ಹನ್ನೊಂದೂವರೆಗಾದರೂ ಪ್ರಾರಂಭವಾದಾವೆಂದು ನನ್ನ ನಂಬಿಕೆ.

ನನ್ನ ಪ್ರಥಮ ಉಪನ್ಯಾಸದ ಸಭೆಯು ಪ್ರಾರಂಭವಾದದ್ದು ಹನ್ನೆರಡೂಕಾಲಿಗೆ. ಕಾರಣವೇನೆಂದರೆ, ಸಭಾಭವನದ ಬಾಗಿಲಿಗೆ ಕೀಲಿ ಬಿದ್ದಿತ್ತು. ಅದರ ಚಾವಿ ಜವಾನನ ಬಳಿ ಇತ್ತು. ಜವಾನನು ತನ್ನ ಸೋದರಳಿಯನ ಮದುವೆಗೆ ಹೋಗಿದ್ದನು. ದಿವ್ಯ ಸಾನ್ನಿಧ್ಯದಿಂದ ಮೊದಲ್ಗೊಂಡು ವಂದನಾರ್ಪಣೆಯ ವರೆಗಿನ ಹದಿನಾಲ್ಕು ಮಂದಿ ಗಣ್ಯರು ಬೇವಿನ ಮರದ ನೆರಳಿನಲ್ಲಿ ನಿಂತು, ಅವನನ್ನು ಕರೆತರಲು ಹೋದ ಮೋಟಾರ್ ಸೈಕಲ್ಲಿನ ದಾರಿಯನ್ನು ನೋಡುತ್ತಿದ್ದರು. ‘ಚಾವಿ ಯಾರ ಬಲ್ಲಿ ಅದ?’ ಎಂಬ ಪ್ರಶ್ನೆಯನ್ನು ಆ ದಿನ ನಾನು ಮೊದಲ ಸಲ ಕೇಳಿದುದು. ಮುಂದೆ ಅದು ನನ್ನ ಇತಿಹಾಸಾಧ್ಯಯನದ ಕೇಂದ್ರಪ್ರಶ್ನೆಯಾಗುವುದೆಂದು ಆಗ ನನಗೆ ತಿಳಿದಿರಲಿಲ್ಲ.

ನಾನು ಮಾತನಾಡಲು ಎದ್ದಾಗ ಒಂದು ನಲವತ್ತು. ವೇದಿಕೆಯ ಮೇಲೆ ಹದಿನಾಲ್ಕು ಜನ, ವೇದಿಕೆಯ ಕೆಳಗೆ ಹತ್ತೊಂಬತ್ತು. ಆ ಹತ್ತೊಂಬತ್ತರಲ್ಲಿ ಇಬ್ಬರು ಮೈಕಿನವರು, ಮೂವರು ಹಿಂದಿನ ಕೋಣೆಯಲ್ಲಿ ಸುಸಲಾ ಕಲಸಿ ಮಿರ್ಚಿ ಕರಿಯುತ್ತಿದ್ದವರು. ಕಾದ ಎಣ್ಣೆಗೆ ಮಿರ್ಚಿ ಬಿದ್ದ ಸದ್ದಿನೊಡನೆ ಸ್ಪರ್ಧಿಸಿ ಗೆದ್ದ ವಾಗ್ಮಿ ಇನ್ನೂ ಹುಟ್ಟಿಲ್ಲವಾದರೂ, ನಾನು ಎದೆಗುಂದದೆ ನಮ್ಮ ಊರಿನ ಪೂರ್ವವೈಭವವನ್ನು ಬಣ್ಣಿಸಿದೆ. ಸೇಡಂ ಅಂದಿನ ಸೇಡಿಂಬ. ಇಲ್ಲಿಯ ಮುನ್ನೂರು ಮಹಾಜನರು ಅರವತ್ತುನಾಲ್ಕು ಕಲೆಗಳಲ್ಲಿ ನಿಪುಣರು. ತಮ್ಮ ಅಭಿಚಾರಹೋಮದ ಬಲದಿಂದ ದೂರದ ಕಂಚಿಯ ಕೋಟೆಬಾಗಿಲನ್ನೇ ಮುರಿದವರೆಂದು 12ನೆಯ ಶತಮಾನದ ಶಾಸನವು ಅವರನ್ನು ಕೊಂಡಾಡುತ್ತದೆ. ಆ ಮಹಾಜನರೇ ಶಾಂತಿನಾಥನ ಬಸದಿಯನ್ನೂ ಕಟ್ಟಿಸಿದರೆಂಬುದು ಅವರ ಹೃದಯವೈಶಾಲ್ಯಕ್ಕೆ ನಿದರ್ಶನ, ಎಂದೆಲ್ಲ ಹೇಳಿದೆ. ಇಲ್ಲಿ ಕುಳಿತು ಕಂಚಿಯ ಬಾಗಿಲನ್ನು ತೆರೆದವರ ಊರಿನಲ್ಲಿ ನಾವು ನಮ್ಮ ಸಭಾಭವನದ ಬಾಗಿಲನ್ನು ತೆರೆಯಲು ಒಂದು ತಾಸು ಮುಕ್ಕಾಲು ಪರದಾಡಿದೆವೆಂಬುದನ್ನು ಮಾತ್ರ, ಅಧ್ಯಕ್ಷರ ಮುಖವನ್ನು ನೋಡಿ, ಹೇಳದೆ ಬಿಟ್ಟೆ.

ಪ್ರಶ್ನೆಗಳಿದ್ದರೆ ಕೇಳಬಹುದೆಂಬ ಮಾತು ನಮ್ಮಲ್ಲಿ ಶಿಷ್ಟಾಚಾರವೇ ಹೊರತು ಆಹ್ವಾನವಲ್ಲ. ಅದನ್ನರಿಯದ ಹೈಸ್ಕೂಲಿನ ಹುಡುಗನೊಬ್ಬನು ಎದ್ದು ನಿಂತು, ‘ಸರ್, ಆ ಶಾಸನದ ಕಲ್ಲು ನೀವ್ ಕಣ್ಣಾರೆ ನೋಡೀರೇನ್ರಿ?’ ಎಂದು ಕೇಳಿದನು. ಸಭೆ ಸ್ತಬ್ಧವಾಯಿತು, ಮಿರ್ಚಿಯ ಸದ್ದೂ ನಿಂತಂತೆ ನನಗೆ ಭಾಸವಾಯಿತು. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆನು, ಪುಸ್ತಕವನ್ನು ಪರವೂರಿನಿಂದ ತರಿಸಿದ್ದೆನು. ಕಲ್ಲಾದರೋ ನಾನು ಹುಟ್ಟಿ ಬೆಳೆದ ಊರಿನದು. ‘ಸಮಯದ ಅಭಾವದಿಂದ’ ಎಂದು ನಾನು ತೊದಲುತ್ತಿದ್ದಂತೆ ನಿರೂಪಕರು ಮಧ್ಯೆ ಪ್ರವೇಶಿಸಿ ನನಗೆ ಶಾಲು ಹೊದಿಸಿ ಪಾರುಮಾಡಿದರು. ಶಾಲಿಗೆ ಮಾನ ಮುಚ್ಚುವ ಶಕ್ತಿಯಿದೆಯೆಂಬುದು ಅಂದು ನನಗೆ ಅನುಭವವೇದ್ಯವಾಯಿತು.

ಆ ಪ್ರಶ್ನೆಯ ಮುಳ್ಳು ಒಳಗೇ ಉಳಿದುದರಿಂದ ನಾವು ಕೆಲವರು ಕೂಡಿ ಒಂದು ‘ಪರಂಪರೆಯ ನಡಿಗೆ’ಯನ್ನು ಏರ್ಪಡಿಸಿಕೊಂಡೆವು. ನಡಿಗೆಯೆಂಬುದು ಹೆಸರಿಗೆ ಮಾತ್ರ. ಆರರಲ್ಲಿ ನಾಲ್ವರಿಗೆ ಮೊಣಕಾಲು ನೋವಿದ್ದುದರಿಂದ ಕ್ರೂಸರ್ ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡಲಾಯಿತು. ವಿಶ್ವ ಪರಂಪರಾ ದಿನವು ಏಪ್ರಿಲ್ 18ರಂದು ಬರುತ್ತದೆ. ಅದನ್ನು ನಿಶ್ಚಯಿಸಿದ ವಿದೇಶೀಯ ಪಂಡಿತರು ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಚಿತ್ತಾಪುರದ ರಸ್ತೆಯಲ್ಲಿ ನಿಂತವರಲ್ಲವೆಂಬುದು ಸ್ಪಷ್ಟ. ನವೆಂಬರ್ 19ರಿಂದ 25ರ ವರೆಗಿನ ಪರಂಪರಾ ಸಪ್ತಾಹವೇ ನಮ್ಮ ಬಿಸಿಲಿಗೆ ಹೊಂದುವಂಥದೆಂದು ಎರಡು ಭಾನುವಾರಗಳನ್ನು ಅದರ ಆಸುಪಾಸಿಗೆ ಗೊತ್ತುಮಾಡಿದೆವು. ಬಳಗದಲ್ಲಿ ವಾಡಿಯ ನಿವೃತ್ತ ಸ್ಟೇಷನ್ ಮಾಸ್ತರರು, ಶಹಾಬಾದಿನಲ್ಲಿ ಆಯುಷ್ಯವೆಲ್ಲ ಫರ್ಸಿಕಲ್ಲಿನ ವ್ಯವಹಾರ ಮಾಡಿದ ಒಬ್ಬ ಕಾಕಾ, ಫೋಟೋ ಹುಚ್ಚಿನ ಇಬ್ಬರು ಬ್ಯಾಂಕಿನವರು, ನಾನು, ಮತ್ತು ಪ್ರಶ್ನೆ ಕೇಳಿದ ಅಪರಾಧಕ್ಕಾಗಿ ಆ ಹುಡುಗ.

ಮೊದಲು ಮಳಖೇಡ. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಇಂದ್ರನ ನಗರಿಯನ್ನೇ ಅಣಕಿಸುವಂತಿತ್ತೆಂದು ಅವರ ತಾಮ್ರಪಟಗಳು ಹೇಳಿಕೊಂಡ ಪಟ್ಟಣ. ಇಲ್ಲಿ ಅಮೋಘವರ್ಷ ನೃಪತುಂಗನು ಆರು ದಶಕಗಳಿಗೂ ಮೀರಿ, 878ರ ಸುಮಾರಿನ ವರೆಗೆ, ಆಳಿದನು. ಅರಬ ವರ್ತಕ ಸುಲೈಮಾನನ ಹೆಸರಿನಲ್ಲಿ ಉಳಿದುಬಂದ 851ರ ವೃತ್ತಾಂತವು ಈ ರಾಜವಂಶದ ದೊರೆಯನ್ನು ‘ಬಲ್ಹರಾ’ ಎಂದು ಕರೆದು, ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮಿನ ಚಕ್ರವರ್ತಿಗಳೊಡನೆ ಜಗತ್ತಿನ ನಾಲ್ವರು ಮಹಾರಾಜರಲ್ಲಿ ಎಣಿಸುತ್ತದೆ. ನಾನು ಇದನ್ನು ಕೋಟೆಯ ಹೆಬ್ಬಾಗಿಲಿನಲ್ಲಿ ನಿಂತು ಭಾವಪರವಶನಾಗಿ ವಿವರಿಸಿ ಮುಗಿಸಿದಾಗ, ನಮ್ಮ ಡ್ರೈವರನು ಆಕಳಿಸಿ, ‘ಇಲ್ಲಿ ಚಹಾ ಎಲ್ಲಿ ಸಿಗ್ತದ್ರಿ?’ ಎಂದನು. ಸಾಮ್ರಾಜ್ಯಗಳ ಉತ್ಥಾನಪತನಗಳ ಮೇಲೆ ಇದಕ್ಕಿಂತ ಸಂಕ್ಷಿಪ್ತವಾದ ಭಾಷ್ಯವನ್ನು ನಾನು ಕೇಳಿಲ್ಲ. ಫರ್ಸಿ ಕಾಕಾ ಮಾತ್ರ ಗೋಡೆಯ ಬಳಿಗೆ ಹೋಗಿ, ಒಂದು ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಆಲಿಸಿ, ‘ನಮ್ಮದೇ ಕಲ್ಲ್ರಿ ಇದು. ಅರಸ ಶಾಣ್ಯಾ ಇದ್ದ. ಹೊರಗಿನ ಮಾಲು ತರಿಸಿಲ್ಲ’ ಎಂದು ನೃಪತುಂಗನಿಗೆ ಪ್ರಶಸ್ತಿಪತ್ರವನ್ನು ಕೊಟ್ಟರು.

ಮಳಖೇಡದ ವಿಷಯದಲ್ಲಿ ನನಗೊಂದು ಹಳೆಯ ಮುನಿಸಿದೆ. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಪ್ರಾಚೀನತಮವಾದ ಕವಿರಾಜಮಾರ್ಗವು ಈ ನೃಪತುಂಗನ ಆಸ್ಥಾನದಲ್ಲಿಯೇ ಹುಟ್ಟಿತು. ಶ್ರೀವಿಜಯನು ಅದರಲ್ಲಿ ಕಾವೇರಿಯಿಂದ ಗೋದಾವರಿಯ ವರೆಗಿನ ನಾಡನ್ನೆಲ್ಲ ಕನ್ನಡವೆಂದು ಗುರುತಿಸಿ, ಅದರ ತಿರುಳು ಎಲ್ಲಿದೆಯೆಂದು ಹೇಳುವಾಗ ಮಾತ್ರ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸಿ, ತಾನು ಉಂಡುಟ್ಟು ಬಾಳಿದ ರಾಜಧಾನಿಯನ್ನು ಕೈಬಿಟ್ಟಿದ್ದಾನೆ. ನಮ್ಮ ಮಾತಿನಲ್ಲಿ ಚಾವಿಯೂ ಫರ್ಸಿಯೂ ಸೂಟಿಯೂ ಸೇರಿಕೊಂಡಿರುವುದನ್ನು ಕೇಳಿ ದಕ್ಷಿಣದ ಬಂಧುಗಳು ಮುಗುಳ್ನಗುವಾಗಲೆಲ್ಲ ನಾನು ಈ ಸಂಗತಿಯನ್ನು ನೆನೆದು ಸಮಾಧಾನ ತಂದುಕೊಳ್ಳುತ್ತೇನೆ. ಹನ್ನೊಂದು ಶತಮಾನಗಳ ಹಿಂದೆಯೇ ಆಸ್ಥಾನಕವಿಯು ನಮ್ಮ ಊರಿನ ಕನ್ನಡಕ್ಕೆ ತಿರುಳೆಂಬ ಪದವಿಯನ್ನು ಕೊಡಲಿಲ್ಲವೆಂದ ಮೇಲೆ, ಅದನ್ನು ಕಳೆದುಕೊಂಡ ಪಾಪವು ನಮ್ಮ ತಲೆಮಾರಿನದಲ್ಲ.

ಆ ವೈಭವದ ನಗರಿ ಮಾಳವದ ಪರಮಾರರ ಕೈಯಲ್ಲಿ ಸೂರೆಹೋದ ವರ್ಷವು ನಮಗೆ ತಿಳಿದುಬಂದ ಬಗೆಯೂ ವಿಚಿತ್ರವಾದುದು. ಧಾರಾನಗರಿಯ ಧನಪಾಲನೆಂಬ ಪಂಡಿತನು ತನ್ನ ತಂಗಿ ಸುಂದರಿಯ ಅಭ್ಯಾಸಕ್ಕಾಗಿ ‘ಪಾಇಯಲಚ್ಛೀ’ ಎಂಬ ಪ್ರಾಕೃತ ನಿಘಂಟನ್ನು ರಚಿಸಿ, ಮಾಳವರು ಮಾನ್ಯಖೇಟವನ್ನು ಕೊಳ್ಳೆಹೊಡೆದ ವರ್ಷ ಇದನ್ನು ಮುಗಿಸಿದೆನೆಂದು ಕೊನೆಯಲ್ಲಿ ಬರೆದಿಟ್ಟನು. ಅದು ಕ್ರಿ.ಶ. 972. ಒಂದು ಸಾಮ್ರಾಜ್ಯದ ಸೂರೆಯ ಚಾವಿ ವೈರಿಯ ಊರಿನಲ್ಲಿ, ಅಣ್ಣನು ತಂಗಿಗೆ ಬರೆದುಕೊಟ್ಟ ಪಾಠದ ಪುಸ್ತಕದೊಳಗೆ ಸುರಕ್ಷಿತವಾಗಿತ್ತು. ಇದನ್ನು ಕೇಳಿ ನಮ್ಮ ಹುಡುಗನು, ತನ್ನ ಅಕ್ಕನು ತನಗೆ ಗಣಿತ ಹೇಳಿಕೊಡುವ ವಹಿಯಲ್ಲಿ ಇನ್ನು ಮುಂದೆ ತಾರೀಖು ಹಾಕಬೇಕೆಂದು ನಿಶ್ಚಯಿಸಿದನು. ನಮ್ಮ ಯಾತ್ರೆಯಿಂದ ಇತಿಹಾಸಶಾಸ್ತ್ರಕ್ಕಾದ ಮೊದಲ ಲಾಭವಿದು.

ವಾಡಿಯಲ್ಲಿ ಸ್ಟೇಷನ್ ಮಾಸ್ತರರ ಸರದಿ. ಮುಂಬಯಿಯ ಹಳಿಯು ವಾಡಿಯನ್ನು ಹಾದು ರಾಯಚೂರನ್ನು ಮುಟ್ಟಿದುದು 1871ರಲ್ಲಿ. ನಿಜಾಮರ ರಾಜಧಾನಿಗೆ ಇಲ್ಲಿಂದ ಕವಲೊಡೆದ ಮಾರ್ಗವು ಚಿತ್ತಾಪುರ, ಮಳಖೇಡ, ಸೇಡಂಗಳ ಮೇಲೆ ಹಾದು ತೆರೆದುಕೊಂಡುದು 1874ರಲ್ಲಿ. ಇಷ್ಟನ್ನು ಹೇಳಲು ಅವರಿಗೆ ಮುಕ್ಕಾಲು ತಾಸು ಹಿಡಿಯಿತು. ಏಕೆಂದರೆ ಪ್ರತಿಯೊಂದು ಇಸವಿಯನ್ನು ಹೇಳಲು ಬಾಯಿ ತೆರೆದೊಡನೆ ಧ್ವನಿವರ್ಧಕವು ‘ಯಾತ್ರಿಗಳು ಗಮನಿಸಬೇಕು’ ಎಂದು ಗರ್ಜಿಸುತ್ತಿತ್ತು, ಮಾಸ್ತರರು ವೃತ್ತಿಧರ್ಮಕ್ಕೆ ಕಟ್ಟುಬಿದ್ದು ಮೌನವಾಗಿ ನಿಲ್ಲುತ್ತಿದ್ದರು. ಕೊನೆಗೆ ಅವರು ಒಂದೇ ಹಳಿಯಿದ್ದ ಕಾಲವನ್ನು ನೆನೆದು, ‘ಟೋಕನ್ ಗುಂಡು ಕೈಗೆ ಬರೋತನಕ ಯಾವ ಡ್ರೈವರೂ ಗಾಡಿ ಬಿಡ್ತಿರಲಿಲ್ಲ. ಇಂಜಿನ್ ಎಷ್ಟೇ ದೊಡ್ಡದಿರಲಿ, ಗುಂಡು ಸಣ್ಣದು. ಆದ್ರ ಗಾಡಿ ನಡಸ್ತಿದ್ದದ್ದು ಅದೇ ನೋಡ್ರಿ’ ಎಂದರು. ಶಹಾಬಾದ್ ಹತ್ತಿರವೇ ಇದ್ದರೂ ಕಾಕಾ ಅಲ್ಲಿಗೆ ಹೋಗುವುದನ್ನು ಅನಗತ್ಯವೆಂದು ತಳ್ಳಿಹಾಕಿದರು. ನಾವು ನಿಂತ ನೆಲ, ಕುಳಿತ ಕಟ್ಟೆ, ಚಹಾದ ಅಂಗಡಿಯ ಗೋಡೆ, ಅದರ ಮಾಳಿಗೆ ಎಲ್ಲವೂ ಶಹಾಬಾದೇ ಆಗಿರುವಾಗ ಮತ್ತೆ ಶಹಾಬಾದಿಗೆ ಹೋಗಿ ನೋಡುವುದೇನು ಎಂಬ ಅವರ ವಾದಕ್ಕೆ ಪ್ರತ್ಯುತ್ತರವಿರಲಿಲ್ಲ.

ಭೀಮಾತೀರದ ಸನ್ನತಿಯಲ್ಲಿ ಮಾತ್ರ ನಮ್ಮ ಕೇಂದ್ರಪ್ರಶ್ನೆಯೇ ನಿರರ್ಥಕವಾಯಿತು. ಅಲ್ಲಿಯ ಇತಿಹಾಸವು ಚಾವಿಯಿಂದ ತೆರೆದುದಲ್ಲ, ಮಾಳಿಗೆ ಕುಸಿದು ತೆರೆದುದು. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿಯ ಗುಡಿಯ ಛಾವಣಿ ಬಿತ್ತು. ಮೂರ್ತಿಯನ್ನು ಎತ್ತಿ ನೋಡಿದರೆ ಅದರ ಪೀಠವಾಗಿದ್ದುದು ಅಶೋಕ ಚಕ್ರವರ್ತಿಯ ಶಾಸನಶಿಲೆ. ಮೂರ್ತಿಯನ್ನು ನಿಲ್ಲಿಸಲು ಅದರ ನಡುವೆ ಕುಳಿ ತೋಡಿದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಉಳಿದುದರಲ್ಲಿ ಚಕ್ರವರ್ತಿಯ ಹನ್ನೆರಡನೆಯ ಶಾಸನದ ಭಾಗವೂ ಇದೆ; ತನ್ನ ಮತವನ್ನೇ ಹೊಗಳಿಕೊಂಡು ಪರಮತವನ್ನು ಹಳಿಯಬಾರದು, ನಾಲಿಗೆಯ ಮೇಲೆ ಹಿಡಿತವಿರಬೇಕು ಎಂಬುದು ಅದರ ಸಾರ. ವಾಕ್ಸಂಯಮದ ಈ ಉಪದೇಶವನ್ನು ಕುರಿತು ನಾನು ಐವತ್ತು ನಿಮಿಷ ನಿರರ್ಗಳವಾಗಿ ಮಾತನಾಡಿದೆನೆಂದು ಬ್ಯಾಂಕಿನವರೊಬ್ಬರು ಗಡಿಯಾರ ನೋಡಿ ತಿಳಿಸಿದರು. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊರೆತ ಸ್ತೂಪದ ಶಿಲ್ಪಗಳಲ್ಲಿ ಅರಸನೊಬ್ಬನು ಪರಿವಾರದೊಡನೆ ನಿಂತಿದ್ದಾನೆ. ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದಿದೆ, ಅಷ್ಟೇ. ಬಿರುದಿಲ್ಲ, ದಿವ್ಯ ಸಾನ್ನಿಧ್ಯವಿಲ್ಲ, ಗೌರವ ಉಪಸ್ಥಿತಿಯಿಲ್ಲ. ಭರತಖಂಡದ ಬಹುಭಾಗವನ್ನು ಆಳಿದವನಿಗೆ ಎರಡು ಪದಗಳು ಸಾಕಾದುವು.

ಹಿಂದಿರುಗುವಾಗ ಸಂಜೆಯ ಬಿಸಿಲಿನಲ್ಲಿ ಚಿತ್ತಾಪುರದ ನೆರೆಯ ನಾಗಾವಿಯನ್ನು ಹೊಕ್ಕೆವು. ಅರವತ್ತು ಕಂಬದ ಗುಡಿಯ ನೆರಳುಗಳು ಉದ್ದುದ್ದವಾಗಿ ಮಲಗಿದ್ದುವು. ಇಲ್ಲಿ ಘಟಿಕಾಸ್ಥಾನವಿತ್ತು, ಇಂದಿನ ಮಾತಿನಲ್ಲಿ ವಿಶ್ವವಿದ್ಯಾಲಯವೆನ್ನಬಹುದು. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಇದಕ್ಕೆ ಮಾಡಿಕೊಟ್ಟ ಏರ್ಪಾಡುಗಳನ್ನು 1058ರ ಶಾಸನವು ವಿವರವಾಗಿ ಹೇಳುತ್ತದೆ. ವೇದಶಾಸ್ತ್ರಗಳ ಉಪಾಧ್ಯಾಯರಿಗೆ ವೃತ್ತಿ ಬಿಟ್ಟುದು ಆಶ್ಚರ್ಯವಲ್ಲ. ಅದರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ, ಎಂದರೆ ಪುಸ್ತಕಗಳನ್ನು ಕಾಯುವವರಿಗೂ, ಜೀವನಕ್ಕೆ ಭೂಮಿಯನ್ನು ಬಿಟ್ಟಿದ್ದಾರೆ. ಗರಿಗಳ ಕಟ್ಟನ್ನು ಬಿಚ್ಚಿ, ಧೂಳು ಹೊಡೆದು, ಬೇಡಿದವನಿಗೆ ಕೊಟ್ಟು, ಮರಳಿ ಪಡೆದು, ಬಾಗಿಲಿಕ್ಕಿಕೊಂಡು ಹೋಗುವ ಆರು ಜನ! ನಮ್ಮ ಸಾಂಸ್ಕೃತಿಕ ಕಾರ್ಯಕ್ರಮಗಳ ಆಯವ್ಯಯವನ್ನು ನಾನು ಕಂಡಿದ್ದೇನೆ: ಶಾಮಿಯಾನ, ಹಾರ, ಶಾಲು, ಸ್ಮರಣಿಕೆ, ಊಟ, ವಿವಿಧ. ಕಾಯುವವನ ಹೆಸರು ‘ವಿವಿಧ’ದೊಳಗೂ ಇರುವುದಿಲ್ಲ. ಸಾವಿರ ವರ್ಷಗಳ ಹಿಂದೆ ನಮ್ಮ ಚಿತ್ತಾಪುರ ಸೀಮೆಯ ದಂಡನಾಯಕನೊಬ್ಬನಿಗೆ, ವಿದ್ಯೆಯು ಹೇಳುವವನಿಂದ ಎಷ್ಟೋ ಅಷ್ಟೇ ಚಾವಿ ಹಿಡಿದವನಿಂದಲೂ ಉಳಿಯುವುದೆಂದು ಹೊಳೆದಿತ್ತು.

ಇದು ಬರಿಯ ಅಲಂಕಾರೋಕ್ತಿಯಲ್ಲವೆಂದು ಮನವರಿಕೆಯಾದುದು ಎರಡನೆಯ ಭಾನುವಾರ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಅರಣ್ಯವನ್ನೂ ಚಂದ್ರಂಪಳ್ಳಿಯ ಜಲಾಶಯವನ್ನೂ ಬ್ಯಾಂಕಿನವರ ಸಂತೋಷಕ್ಕಾಗಿ ನೋಡಿಕೊಂಡು, ಆ ಕಡೆಯ ಒಂದು ಸಣ್ಣ ಹಳ್ಳಿಯ ಹಳೆಯ ಗುಡಿಯ ಮುಂದೆ ಇಳಿದೆವು. ಬಾಗಿಲಿಗೆ ಕೀಲಿ. ಐವರು ದೊಡ್ಡವರ ಬಾಯಿಂದ ಏಕಕಾಲಕ್ಕೆ ಆ ಪುರಾತನ ಪ್ರಶ್ನೆ ಹೊರಟಿತು: ‘ಚಾವಿ ಯಾರ ಬಲ್ಲಿ ಅದ?’

‘ಆಯಿ ಬಲ್ಲಿ ಅದ್ರಿ,’ ಎಂದಿತು ಕಟ್ಟೆಯ ಮೇಲಿನ ಒಂದು ಧ್ವನಿ.

‘ಆಯಿ ಎಲ್ಲಿ ಅದಾಳ?’

‘ತೊಗರಿ ಹೊಲಕ್ಕ ಹೋಗ್ಯಾಳ್ರಿ. ಹೊತ್ತ್ ಮುಣುಗಿದ ಮ್ಯಾಲ ಬರ್ತಾಳ. ಕೂಡ್ರಿ.’

ಕುಳಿತೆವು. ಕಂಚಿಯ ಬಾಗಿಲನ್ನು ಮುರಿದ ಮಹಾಜನರ ವಾರಸುದಾರರು ಮೂರು ತಾಸು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿದೆವು. ಹೊತ್ತು ಮುಳುಗಿದ ಮೇಲೆ ಆಯಿ ಬಂದಳು. ಸೊಂಟದಲ್ಲಿ ಸಿಕ್ಕಿಸಿದ್ದ ಚಾವಿಯನ್ನು ತೆಗೆದು ಬಾಗಿಲು ತೆರೆದಳು. ಒಳಗೆ ನೆಲ ಸಾರಿಸಿತ್ತು, ದೀಪದಲ್ಲಿ ಎಣ್ಣೆಯಿತ್ತು. ಮೂಲೆಯಲ್ಲಿ ಅರ್ಧ ಒಡೆದ ಶಾಸನದ ಕಲ್ಲೊಂದು ಗೋಡೆಗೊರಗಿ ನಿಂತಿತ್ತು. ಮೊದಲು ಅದು ಬಾವಿಯ ಬಳಿ ಬಟ್ಟೆ ಒಗೆಯುವ ಕಲ್ಲಾಗಿತ್ತಂತೆ; ತಾನು ಈ ಊರಿಗೆ ಸೊಸೆಯಾಗಿ ಬಂದಾಗ ಗಂಡನಿಗೆ ಹೇಳಿ ಇಲ್ಲಿಗೆ ತರಿಸಿದಳಂತೆ. ‘ನನಗ ಓದಲಿಕ್ಕ ಬರಂಗಿಲ್ಲ ಯಪ್ಪಾ. ಆದ್ರ ಅಕ್ಷರ ಅದಾವಂದ ಮ್ಯಾಲ ಕಾಲ್ ಇಡಬಾರ್ದು ನೋಡ್ರಿ,’ ಎಂದಳು. ಆಮೇಲೆ ನನ್ನ ಕನ್ನಡಕವನ್ನೂ ಬಿಳಿಯ ಕೂದಲನ್ನೂ ನೋಡಿ ಭರವಸೆಯಿಂದ, ‘ನೀವ್ ಓದ್ತೀರೇನ್ರಿ? ಏನ್ ಬರದಾರ ಹೇಳ್ರಿ,’ ಎಂದು ದೀಪವನ್ನು ಎತ್ತಿ ಹಿಡಿದಳು.

34 ವರ್ಷ ಹಳಗನ್ನಡ ಬೋಧಿಸಿದ ಪಂಡಿತನು ಅಚ್ಚಿನ ಅಕ್ಷರವನ್ನಲ್ಲದೆ ಅನ್ಯಲಿಪಿಯನ್ನರಿಯನೆಂಬ ರಹಸ್ಯವು ಆ ದೀಪದ ಬೆಳಕಿನಲ್ಲಿ ಬಯಲಾಯಿತು. ‘ಫೋಟೋ ಹೊಡಕೊಂಡು ಹೋಗಿ ಓದ್ತೀವಿ ಆಯಿ,’ ಎಂದೆ.

‘ಎಲ್ಲಾರೂ ಹಂಗೇ ಅಂದು ಹೋಗ್ಯಾರ್ರಿ,’ ಎಂದು ಆಕೆ ದೀಪವನ್ನು ಕೆಳಗಿಟ್ಟಳು. ಆ ಹೊತ್ತಿಗೆ ನನಗೆ ಹೊದಿಸಿ ಪಾರುಮಾಡಲು ಶಾಲು ತಂದವರು ಯಾರೂ ಇರಲಿಲ್ಲ.

ಮುಂದಿನ ಸಭೆಯಲ್ಲಿ ನಾನು, ಇನ್ನು ಮೇಲೆ ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಚಾವಿ ಇಟ್ಟುಕೊಂಡವರ ಹೆಸರನ್ನೂ ಹಾಕಿಸತಕ್ಕದ್ದೆಂದು ಸೂಚನೆಯನ್ನು ಮಂಡಿಸಿದೆ. ಅಧ್ಯಕ್ಷರು ಬಹಳ ಹೊತ್ತು ಆಲೋಚಿಸಿ, ‘ಯಾವ ಶೀರ್ಷಿಕೆಯಡಿ ಹಾಕೋದ್ರಿ? ದಿವ್ಯ ಸಾನ್ನಿಧ್ಯವೋ, ಗೌರವ ಉಪಸ್ಥಿತಿಯೋ?’ ಎಂದು ಕೇಳಿದರು. ಸರಿಹೊಂದುವ ಶೀರ್ಷಿಕೆ ಸಿಗದ ಕಾರಣ ವಿಷಯವನ್ನು ಮುಂದೂಡಲಾಗಿದೆ. ಈ ನಡುವೆ ಆ ಹುಡುಗನೂ ನಾನೂ ಪ್ರತಿ ಭಾನುವಾರ ಹಳೆಯ ಲಿಪಿಯ ಪಟ್ಟಿಕೆಯನ್ನು ಹಾಸಿಕೊಂಡು ಆ ಫೋಟೋದ ಮುಂದೆ ಕೂಡುತ್ತೇವೆ. ಮೂರು ತಿಂಗಳಾಯಿತು, ಎರಡು ಸಾಲು ಬಿಡಿಸಿದ್ದೇವೆ. ಎರಡರಲ್ಲಿಯೂ ಇನ್ನೂ ಅರಸನ ಬಿರುದುಗಳೇ ನಡೆದಿವೆ.

ವಾಚಕರಲ್ಲಿ ಯಾರಾದರೂ ನಮ್ಮ ಸೀಮೆಯ ಪುರಾತನ ವೈಭವವನ್ನು ನೋಡಲು ಬರುವವರಿದ್ದರೆ ಅವಶ್ಯವಾಗಿ ಬರಬೇಕು. ಏಪ್ರಿಲ್ ತಿಂಗಳನ್ನು ಬಿಟ್ಟು ಬರಬೇಕು. ನೋಡಬೇಕಾದ ಗುಡಿಯ ಕಾಲ, ಶೈಲಿ, ಕಟ್ಟಿಸಿದವನ ವಂಶಾವಳಿಗಳನ್ನು ವಿಚಾರಿಸುವ ಮೊದಲು ಅದರ ಚಾವಿ ಯಾರ ಬಳಿ ಇದೆಯೆಂದು ವಿಚಾರಿಸಿಕೊಂಡು ಬರಬೇಕು. ಆಯಿ ಹೊತ್ತು ಮುಳುಗುವ ಮೊದಲು ಹೊಲದಿಂದ ಬರುವುದಿಲ್ಲ.